ಡಾಕ್ಟರು, ಸಿಸ್ಟರು ಬಿಟ್ಟು ಆಸ್ಪತ್ರೆಯಲ್ಲಿ ಇನ್ಯಾರಿದ್ದಾರೆ? ಮುಂಬಯಿ ಕನ್ನಡಿಗರೇ, ನಿಮಗೆ ಗೊತ್ತಿದ್ದದ್ದು ಹೇಳಿ

ಡೊಂಬಿವಲಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಇಂಡಿ ತಾಲ್ಲೂಕಿನವರು, ವಯಸ್ಸು 71. ನಮ್ಮ ಮನೆಗೆ ಬಂದಿದ್ದಾಗ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ 23 ದಿನ ಇದ್ದರು. ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರ ಬಗ್ಗೆ, ಸಿಸ್ಟರ ಬಗ್ಗೆ ನನ್ನದೇನೂ ದೂರಿಲ್ಲ.

ನಾವು ಸೋತದ್ದು ಬೇರೆ ಕಡೆ. ಎಕ್ಸ್‌ರೇಗೆ ಕರೆದುಕೊಂಡು ಹೋಗಲು ಸ್ಟ್ರೆಚರ್ ಸಿಗದೆ ಎರಡು ಗಂಟೆ ಕಾದೆವು. ಮಾವ ಚಪಾತಿ ಮುಟ್ಟಲಿಲ್ಲ, ನಾಲ್ಕು ದಿನ ಬರೀ ಚಹಾ ಬಿಸ್ಕತ್ತು. ಕೇಸ್ ಪೇಪರ್ ಒಂದು ಕಡೆ, ರಿಪೋರ್ಟ್ ಇನ್ನೊಂದು ಕಡೆ. ದುಡ್ಡಿಗಂತೂ ನನ್ನ ಬಳೆ ಅಡವಿಟ್ಟೆವು. 19ನೇ ದಿನ ಪಕ್ಕದ ಹಾಸಿಗೆಯವರು ಕೇಳಿದರು, "ನೀವು ಸೋಷಿಯಲ್ ವರ್ಕರ್ ಹತ್ತಿರ ಹೋಗಲೇ ಇಲ್ವಾ?" ಅಂಥ ಒಂದು ಕೋಣೆ ಇದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಷ್ಟ ಭಾಷೆಯದು. ಮಾವನಿಗೆ ಕನ್ನಡ ಬಿಟ್ಟು ಏನೂ ಬರುವುದಿಲ್ಲ. ರಾತ್ರಿ ಗಂಡಸರ ವಾರ್ಡಿನಲ್ಲಿ ನಾನು ಇರುವಂತಿಲ್ಲ, ನನ್ನ ಗಂಡನಿಗೆ ರಾತ್ರಿ ಪಾಳಿ. ಒಂದು ರಾತ್ರಿ ಮಾವ "ಹೊಟ್ಟಿ ತೊಳಸಾಕತ್ತೈತಿ" ಅಂತ ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ಹೊಟ್ಟೆ ಮೇಲೆ ಕೈ ಇಟ್ಟು ತೋರಿಸಿದ್ದಕ್ಕೆ ಹೊಟ್ಟೆನೋವು ಅಂದುಕೊಂಡರು. ಆಗ ನೆಲ ಒರೆಸುತ್ತಿದ್ದ ಮೌಶಿ (ಇಲ್ಲಿ ಆಯಾಗಳನ್ನು ಹಾಗೆ ಕರೆಯುತ್ತಾರೆ) ತಿರುಗಿ ನೋಡಿ, "ವಾಕರಿಕಿ ಬರಾಕತ್ತೈತೇನ್ರಿ ಅಜ್ಜಾ?" ಅಂದರಂತೆ. ಆಕೆ ಅಕ್ಕಲಕೋಟೆಯವರು. ಅಂದಿನಿಂದ ಅವರ ಪಾಳಿ ಇದ್ದಷ್ಟು ಹೊತ್ತೂ ಮಾವನಿಗೆ ಬಾಯಿ ಅವರೇ ಆದರು. ಡಾಕ್ಟರು ಕೂಡ "ಮೌಶಿನ ಕರೀರಿ" ಅನ್ನುತ್ತಿದ್ದರು.

ಬಿಲ್ಲಿನಲ್ಲಿ ಹಾಸಿಗೆಗೆ, ಔಷಧಿಗೆ, ಹತ್ತಿಗೆ ಕೂಡ ಒಂದೊಂದು ಸಾಲಿದೆ. ಆ ಮೌಶಿ ಮಾಡಿದ ಕೆಲಸಕ್ಕೆ ಒಂದು ಹೆಸರೂ ಇಲ್ಲ. ಆಸ್ಪತ್ರೆಯಲ್ಲಿ ಇಂಥವರು ಯಾರ್ಯಾರು ಇದ್ದಾರೆ, ಯಾವುದಕ್ಕೆ ಯಾರನ್ನು ಕೇಳಬೇಕು, ದಯವಿಟ್ಟು ಗೊತ್ತಿದ್ದವರು ಬರೆಯಿರಿ. ಊರಿಂದ ಬರುವ ಇನ್ನೊಬ್ಬರಿಗಾದರೂ ಉಪಯೋಗವಾಗಲಿ.

ಮಾಟುಂಗಾ ನಿವೃತ್ತೆ

ಅಮ್ಮಾ, ಓದಿ ತುಂಬಾ ನೋವಾಯಿತು. ನಾನು ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲೇ 29 ವರ್ಷ ಕೆಲಸ ಮಾಡಿದವಳು. "ನೀವಿದ್ದೀರಿ ಅಂತ ಗೊತ್ತೇ ಇರಲಿಲ್ಲ" ಅನ್ನೋ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಈ ಕೆಲಸಕ್ಕೆ ನಮ್ಮ ಮುಂಬಯಿಯೇ ತವರು. 1936ರಲ್ಲಿ ಇಲ್ಲಿ ಸಮಾಜಸೇವೆ ಕಲಿಸುವ ಶಾಲೆ ಶುರುವಾಯಿತು. ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. 1946ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜಸೇವಕರನ್ನು ನೇಮಿಸಿದರು. ರೋಗಿಗೆ ಮನೆ ಇದೆಯಾ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರಾ, ಬರೆದ ಔಷಧಿ ಕೊಳ್ಳಲು ಆಗುತ್ತಾ, ಇದನ್ನೆಲ್ಲ ಕೇಳಲು ಒಬ್ಬರು ಬೇಕು ಅಂತ.

ನಮ್ಮ ಕೆಲಸ ಬರೀ ದುಡ್ಡು ಕೊಡಿಸೋದಲ್ಲ. ಅಪಘಾತದಲ್ಲಿ ಹೆಸರು ಗೊತ್ತಿಲ್ಲದೆ ಬಂದವರ ಮನೆ ಹುಡುಕುತ್ತೇವೆ. ಬಿಟ್ಟುಹೋದ ಮುದುಕರಿಗೆ ಆಶ್ರಮ ನೋಡುತ್ತೇವೆ. ಕಾಲು ತೆಗೆಯಬೇಕು ಅಂದಾಗ ಒಪ್ಪದವರ ಪಕ್ಕ ಕೂರುತ್ತೇವೆ. ಕೃತಕ ಕಾಲು, ಗಾಲಿಕುರ್ಚಿ, ರಕ್ತ, ಉಳಿಯಲು ಜಾಗ, ಊರಿಗೆ ಟಿಕೆಟ್, ಎಲ್ಲಕ್ಕೂ ಓಡಾಡುತ್ತೇವೆ.

ಆದರೂ ದುಡ್ಡಿನ ವಿಷಯ ಮೊದಲು ಹೇಳುತ್ತೇನೆ, ಅದೇ ಎಲ್ಲರಿಗೂ ಬೇಕಾದದ್ದು. ಮಹಾರಾಷ್ಟ್ರದಲ್ಲಿ ಟ್ರಸ್ಟ್ ನಡೆಸುವ ದೊಡ್ಡ ಖಾಸಗಿ ಆಸ್ಪತ್ರೆಗಳಿಗೆ ಒಂದು ಕಟ್ಟುಪಾಡಿದೆ. ಬಾಂಬೆ ಹೈಕೋರ್ಟಿನ ಆದೇಶದಿಂದ ಬಂದ ಯೋಜನೆ, 2006ರಿಂದ ಜಾರಿಯಲ್ಲಿದೆ. 100 ಹಾಸಿಗೆಯಲ್ಲಿ 10 ಹಾಸಿಗೆ ತೀರಾ ಬಡವರಿಗೆ ಉಚಿತ, ಇನ್ನೂ 10 ಹಾಸಿಗೆ ಕಡಿಮೆ ಆದಾಯದವರಿಗೆ ರಿಯಾಯಿತಿ ದರದಲ್ಲಿ. ಇದಕ್ಕಾಗಿ ಆಸ್ಪತ್ರೆ ತನ್ನ ಒಟ್ಟು ಬಿಲ್ಲಿನ 2% ಬೇರೆ ತೆಗೆದಿಡಬೇಕು. ಗಾಜಿನ ಬಾಗಿಲು, ತಂಪು ಗಾಳಿ ನೋಡಿ "ಇದು ನಮ್ಮಂಥವರಿಗಲ್ಲ" ಅಂತ ವಾಪಸು ಹೋಗಬೇಡಿ. ಒಳಗೆ ಹೋಗಿ "ಚಾರಿಟಿ ಹಾಸಿಗೆ ಖಾಲಿ ಇದೆಯಾ" ಅಂತ ಕೇಳಿ.

ಎರಡನೆಯದು ಮಹಾರಾಷ್ಟ್ರ ಸರ್ಕಾರದ ಉಚಿತ ಚಿಕಿತ್ಸೆಯ ಯೋಜನೆ, ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ. 2012ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿತ್ತು. ಈ ಯೋಜನೆ ಇರುವ ಆಸ್ಪತ್ರೆಯಲ್ಲಿ "ಆರೋಗ್ಯಮಿತ್ರ" ಅಂತ ಒಬ್ಬರು ಮೇಜು ಹಾಕಿಕೊಂಡು ಕೂತಿರುತ್ತಾರೆ. ಇದು ಮಹಾರಾಷ್ಟ್ರದ ರೇಷನ್ ಕಾರ್ಡ್ ಇರುವವರಿಗೆ. ನಿಮ್ಮ ಮಾವನವರ ಕಾರ್ಡು ಇಂಡಿಯದ್ದು, ಅಲ್ವಾ? ಅಂಥವರು ಆಯುಷ್ಮಾನ್ ಭಾರತ್ ಕಾರ್ಡ್ ಇದ್ದರೆ ತೋರಿಸಬೇಕು. ಪಟ್ಟಿಯಲ್ಲಿರುವ ಆಸ್ಪತ್ರೆಯಾದರೆ ಅದು ಬೇರೆ ರಾಜ್ಯದಲ್ಲೂ ನಡೆಯುತ್ತದೆ.

ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಮೊದಲ ದಿನವೇ ಹೋಗಿ. ಆಧಾರ್, ರೇಷನ್ ಕಾರ್ಡ್, ತಹಶೀಲ್ದಾರರ ಆದಾಯ ಪ್ರಮಾಣಪತ್ರ ಊರಿಂದ ತರಿಸಲು ಹೇಗೂ ನಾಲ್ಕು ದಿನ ಬೇಕು. ಆಪರೇಷನ್ ಮುಗಿದು ಬಿಲ್ಲು ಕೈಗೆ ಬಂದ ಮೇಲೆ ಬಂದರೆ ನಾವು ಕೈ ಚಾಚುವ ಬಾಗಿಲುಗಳಲ್ಲಿ ಅರ್ಧ ಮುಚ್ಚಿರುತ್ತವೆ.

ಥಾಣೆಯಿಂದ ಒಬ್ಬ

ಮೇಡಂ, ನಾವು ಮೂರು ಸಲ ಹೋದೆವು. ಮೂರು ಸಲವೂ ಆ ಕೋಣೆಗೆ ಬೀಗ. ಕೊನೆಗೆ ಬಿಟ್ಟುಬಿಟ್ಟೆವು. ಎಲ್ಲಾ ಕಡೆ ನಿಮ್ಮಂಥವರು ಸಿಗುವುದಿಲ್ಲ.

ಮಾಟುಂಗಾ ನಿವೃತ್ತೆ

ನೀವು ಹೇಳೋದು ನಿಜ, ಸುಳ್ಳು ಅನ್ನುವುದಿಲ್ಲ. ನೂರಾರು ಹಾಸಿಗೆಗೆ ಇಬ್ಬರೋ ಮೂವರೋ ಇರುತ್ತೇವೆ. ಬೀಗ ಹಾಕಿದ್ದಾಗ ನಾವು ವಾರ್ಡಿನಲ್ಲೋ ತುರ್ತು ವಿಭಾಗದಲ್ಲೋ ಇರುತ್ತೇವೆ. ಕೋಣೆಯ ಮುಂದೆ ಕಾಯಬೇಡಿ. ವಾರ್ಡಿನ ಸಿಸ್ಟರಿಗೆ ಹೇಳಿ, "ಸೋಷಿಯಲ್ ವರ್ಕರ್‌ಗೆ ಕಾಲ್ ಬರೆಯಿರಿ" ಅಂತ. ಡಾಕ್ಟರು ಕೇಸ್ ಪೇಪರಿನಲ್ಲಿ ಒಂದು ಸಾಲು ಬರೆದರೆ ನಾವೇ ಹಾಸಿಗೆ ಹತ್ತಿರ ಬರಬೇಕು. ಅದು ನಮ್ಮ ಕೆಲಸ, ಉಪಕಾರ ಅಲ್ಲ.

ಕುಂದಾಪುರದ ಅಡುಗೆಯವ, ಈಗ ಭಾಂಡೂಪ್

ಅಕ್ಕ, ನಿಮ್ಮ ಮಾವ ಚಪಾತಿ ಮುಟ್ಟಲಿಲ್ಲ ಅಂದದ್ದು ಓದಿ ಬರೆಯದೆ ಇರಲು ಆಗಲಿಲ್ಲ. ನಾನು 14 ವರ್ಷದವನಿದ್ದಾಗ ಮುಂಬಯಿಗೆ ಬಂದವ. ಮೊದಲು ಫೋರ್ಟಿನ ಉಡುಪಿ ಹೋಟೆಲಿನಲ್ಲಿ, ಆಮೇಲೆ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ 18 ವರ್ಷ.

ಹೋಟೆಲಿನಲ್ಲಿ ಒಂದು ಸಾಂಬಾರು ಮಾಡಿದರೆ ಎಲ್ಲರಿಗೂ ಅದೇ. ಆಸ್ಪತ್ರೆಯಲ್ಲಿ ಹಾಗಲ್ಲ. ಬೆಳಿಗ್ಗೆ ವಾರ್ಡಿನಿಂದ ಡಯಟ್ ಶೀಟ್ ಬರುತ್ತದೆ. ಉಪ್ಪಿಲ್ಲದ್ದು ಇಷ್ಟು, ಸಕ್ಕರೆಯವರದು ಇಷ್ಟು, ಮೆತ್ತಗಿನದು ಇಷ್ಟು, ಬರೀ ನೀರುನೀರಾದದ್ದು ಇಷ್ಟು. ಮೂಗಿನ ನಳಿಕೆಯಲ್ಲಿ ಕೊಡುವ ಆಹಾರ ಬೇರೆ. ಅದನ್ನು ರುಬ್ಬಿ, ಸೋಸಿ, ಅಳತೆ ಮಾಡಿ ಹೊತ್ತುಹೊತ್ತಿಗೆ ಕಳಿಸಬೇಕು. ಒಂದು ಕಾಳು ಉಳಿದರೂ ನಳಿಕೆ ಕಟ್ಟಿಕೊಳ್ಳುತ್ತದೆ. ಒಬ್ಬರ ತಟ್ಟೆ ಇನ್ನೊಬ್ಬರಿಗೆ ಹೋದರೆ ಹೋಟೆಲಿನ ಹಾಗೆ "ಸಾರಿ" ಅಂತ ಮುಗಿಸಲು ಆಗುವುದಿಲ್ಲ.

ನಮ್ಮ ಊರಿನವರಿಗೆ ಕೈ ಮುಗಿದು ಒಂದು ಮಾತು. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಗುಟ್ಟಾಗಿ ಎಳನೀರು ಕುಡಿಸಬೇಡಿ. ಎಳನೀರು ತಂಪು, ಒಳ್ಳೆಯದು ಅಂತ ನಾವು ನಂಬಿದವರು. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಲಸ ಮಾಡದಿದ್ದರೆ ಅದು ಹೊರಗೆ ಹೋಗದೆ ರಕ್ತದಲ್ಲೇ ಉಳಿದು ಹೃದಯ ನಿಲ್ಲಿಸಬಹುದು. ನಮ್ಮಲ್ಲಿ ಒಬ್ಬರು ತಂದೆಗೆ ಚೀಲದಲ್ಲಿ ಅಡಗಿಸಿ ತಂದು ಕುಡಿಸಿದ್ದರು. ರಾತ್ರಿಯೇ ಐಸಿಯುಗೆ ಹಾಕಬೇಕಾಯಿತು. ಬದುಕಿದರು, ದೇವರ ದಯೆ. ಆ ಮಗನ ಮುಖ ನನಗೆ ಈಗಲೂ ಕಣ್ಣಮುಂದಿದೆ. ಪ್ರೀತಿಯಿಂದಲೇ ತಂದದ್ದಲ್ವಾ ಪಾಪ.

ರೊಟ್ಟಿ ವಿಷಯ. ಆಸ್ಪತ್ರೆಯಲ್ಲಿ ಡಯಟೀಷಿಯನ್ ಅಂತ ಒಬ್ಬರಿರುತ್ತಾರೆ. ಅವರನ್ನು ಕೇಳಬೇಕಿತ್ತು ಅಕ್ಕ. ಸೊಲ್ಲಾಪುರ ಕಡೆಯವರು ಬಂದರೆ ನಮ್ಮ ಡಯಟೀಷಿಯನ್ ಮೇಡಂ ಜೋಳದ ರೊಟ್ಟಿಗೆ ಒಪ್ಪುತ್ತಿದ್ದರು. ಮನೆಯಿಂದ ತರಲು ಬಿಡುತ್ತಿದ್ದರು, ಬೇಳೆಕಟ್ಟಿನಲ್ಲಿ ನೆನೆಸಿ ಕೊಡಿ ಅನ್ನುತ್ತಿದ್ದರು. ಮಾಡಿ ಕಳಿಸಿದ ಊಟ ತಟ್ಟೆಯಲ್ಲಿ ಹಾಗೇ ವಾಪಸು ಬಂದರೆ ನಮಗೂ ಹೊಟ್ಟೆ ಉರಿಯುತ್ತದೆ. ಯಾಕೆ ತಿನ್ನಲಿಲ್ಲ ಅಂತ ಯಾರಾದರೂ ಬಂದು ಹೇಳಲಿ ಅಂತ ಕಾಯುತ್ತೇವೆ.

ಡೊಂಬಿವಲಿ ಸೊಸೆ

ಅಣ್ಣಾ, ಡಯಟೀಷಿಯನ್ ದಿನಾ ಬಂದು ಹೋಗುತ್ತಿದ್ದರು. ನಾನು ಅವರನ್ನೂ ಡಾಕ್ಟರು ಅಂದುಕೊಂಡು ಸುಮ್ಮನೆ ನಿಂತಿರುತ್ತಿದ್ದೆ.

ಸಿಂದಗಿಯವ

ಎಲ್ಲರೂ ಒಳ್ಳೆಯದೇ ಬರೆಯುತ್ತಿದ್ದೀರಿ. ನಾನು ನಡೆದದ್ದು ಹೇಳುತ್ತೇನೆ. ನನ್ನ ತಮ್ಮನನ್ನು ಸ್ಕ್ಯಾನಿಂಗ್‌ಗೆ ಒಯ್ಯಲು ವಾರ್ಡ್ ಬಾಯ್ 200 ರೂಪಾಯಿ ಕೇಳಿದ. ಕೊಟ್ಟೆ. ವಾಪಸು ತರಲು ಇನ್ನೊಬ್ಬ ಮತ್ತೆ 200. ಬೆಡ್‌ಶೀಟ್ ಬದಲಿಸಲು 50. ನಾನು ಗವಂಡಿ ಕೆಲಸದವ, ದಿನಗೂಲಿ ಬಿಟ್ಟು ಬಂದಿದ್ದೆ. ಇದನ್ನು ಸೇವೆ ಅನ್ನುವುದಾ?

ವರಳಿ ಚಾಳಿನ ಹುಡುಗ

ಸಿಂದಗಿ ಅಣ್ಣಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ಮೊದಲು ಅದನ್ನು ಹೇಳಿಯೇ ಮುಂದೆ ಬರೆಯುತ್ತೇನೆ. ಯಾಕೆಂದರೆ ನಾನು ಒಬ್ಬ ವಾರ್ಡ್ ಬಾಯ್ ಮಗ.

ನಮ್ಮಪ್ಪ ಕಲಬುರಗಿ ಕಡೆಯವರು. ಪಾಲಿಕೆ ಆಸ್ಪತ್ರೆಯಲ್ಲಿ 31 ವರ್ಷ ದುಡಿದರು. ಅಲ್ಲಿ ಎಲ್ಲರೂ ಅವರನ್ನು "ಮಾಮಾ" ಅಂತಲೇ ಕರೆಯುತ್ತಿದ್ದರು. 2005ರ ಜುಲೈ 26ರ ಮಳೆ ನೆನಪಿದೆಯಾ? ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದ ದಿನ. ಅಪ್ಪ ಎರಡು ರಾತ್ರಿ ಮನೆಗೆ ಬರಲಿಲ್ಲ. ನೆಲಮಹಡಿಗೆ ನೀರು ನುಗ್ಗಿತ್ತು, ಲಿಫ್ಟ್ ನಿಂತಿತ್ತು. ಇವರೆಲ್ಲ ಸೇರಿ ರೋಗಿಗಳನ್ನು ಬೆಡ್‌ಶೀಟಿನಲ್ಲಿ ಜೋಳಿಗೆ ಮಾಡಿ ಮೆಟ್ಟಿಲ ಮೇಲೆ ಹೊತ್ತರಂತೆ. ಮನೆಗೆ ಬಂದಾಗ ಅಪ್ಪನ ಎರಡೂ ಹೆಗಲು ಕೆಂಪಾಗಿತ್ತು. ಅಮ್ಮ ಎಣ್ಣೆ ಹಚ್ಚಿದ್ದು ನನಗೆ ನೆನಪಿದೆ.

ಅಪ್ಪ ಯಾರ ಹತ್ತಿರವೂ ಮುಂಚೆ ದುಡ್ಡು ಕೇಳಿದವರಲ್ಲ. ಮಗು ಹುಟ್ಟಿದ ಖುಷಿಗೆ ಪೇಡೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು. ದುಡ್ಡು ಕೊಡದಿದ್ದರೆ ಸ್ಟ್ರೆಚರ್ ಇಲ್ಲ ಅನ್ನುವುದು ತಪ್ಪೇ. ಅಂಥವರು ಸಿಕ್ಕರೆ ಕೊಡಬೇಡಿ, ವಾರ್ಡಿನ ಹಿರಿಯ ಸಿಸ್ಟರಿಗೆ ಹೇಳಿ. ಕೇಳದಿದ್ದರೆ ಮೆಡಿಕಲ್ ಸೂಪರಿಂಟೆಂಡೆಂಟ್ ಕಚೇರಿಗೆ ಬರೆದು ಕೊಡಿ. ಹೆಸರು, ಹೊತ್ತು, ವಾರ್ಡ್ ನಂಬರ್ ಬರೆಯಿರಿ.

ಆದರೆ ಇನ್ನೊಂದು ಮುಖವೂ ಇದೆ. ಅಪ್ಪ ಕಾಯಂ ನೌಕರ. ಈಗ ಎಷ್ಟೋ ಕಡೆ ಈ ಕೆಲಸ ಗುತ್ತಿಗೆಗೆ ಹೋಗಿದೆ. ಗುತ್ತಿಗೆದಾರ ಬದಲಾದರೆ ಮೌಶಿ ಬದಲು, ಮಾಮಾ ಬದಲು. ಪಗಾರ ತಡವಾಗುತ್ತದೆ. ಯಾವ ರೋಗಿಯನ್ನು ಹೇಗೆ ಎತ್ತಬೇಕು ಅಂತ ಕಲಿಸುವವರಿಲ್ಲ. ಸೊಂಟ ಮುರಿದವರನ್ನು ಎತ್ತುವುದು ಅಕ್ಕಿ ಮೂಟೆ ಎತ್ತಿದ ಹಾಗಲ್ಲ. ಅಪ್ಪ ಹೇಳುತ್ತಿದ್ದರು, "ಮೂರು ಜನ ಬೇಕು, ಒಬ್ಬ ಎಣಿಸಬೇಕು, ಒಟ್ಟಿಗೆ ಎತ್ತಬೇಕು."

ಇನ್ನೊಂದು ವಿಷಯ. ಅಪ್ಪನ ಕೈಗೆ ಒಮ್ಮೆ ಸೂಜಿ ಚುಚ್ಚಿತ್ತು. ಯಾರೋ ಬಳಸಿದ ಸೂಜಿಯನ್ನು ಊಟದ ಕಸದ ಡಬ್ಬಿಗೆ ಹಾಕಿದ್ದರು. ತಿಂಗಳುಗಟ್ಟಲೆ ರಕ್ತ ಪರೀಕ್ಷೆ, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಏನೂ ಆಗಲಿಲ್ಲ, ಪುಣ್ಯ. 2016ರ ನಿಯಮದ ಪ್ರಕಾರ ಆಸ್ಪತ್ರೆ ಕಸಕ್ಕೆ ಬಣ್ಣ ಹಂಚಿದ್ದಾರೆ. ರಕ್ತ ಅಂಟಿದ ಹತ್ತಿ, ಪಟ್ಟಿ ಹಳದಿಗೆ. ಸಲೈನ್ ನಳಿಕೆ, ಕೈಗವಸು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ಶೀಶೆ ನೀಲಿಗೆ. ರೋಗಿಯ ಜೊತೆ ಇರುವ ನಾವು ಬಾಳೆಹಣ್ಣಿನ ಸಿಪ್ಪೆಯನ್ನು ಹಳದಿ ಚೀಲಕ್ಕೆ ಹಾಕುತ್ತೇವೆ, ರಕ್ತದ ಹತ್ತಿಯನ್ನು ಸಿಪ್ಪೆಯ ಡಬ್ಬಿಗೆ ಹಾಕುತ್ತೇವೆ. ಅದನ್ನು ಬರಿಗೈಯಲ್ಲಿ ಬೇರೆ ಮಾಡುವವರು ಒಬ್ಬರಿದ್ದಾರೆ ಅನ್ನೋದು ನೆನಪಿರಲಿ.

ಸಿಂದಗಿಯವ

ತಮ್ಮಾ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳು. ಬರೆದು ಕೊಡಬಹುದು ಅನ್ನೋದು ನನಗೆ ತಿಳಿದಿರಲಿಲ್ಲ. ನನಗೆ ಮರಾಠಿ ಬರೆಯಲು ಬರುವುದಿಲ್ಲ, ಅದೇ ಅಂಜಿಕೆ.

ಕಲ್ಯಾಣದ ತಂಗಿ

ನಾನು ಕೆಲಸ ಮಾಡುವ ಜಾಗವನ್ನು ಯಾವ ರೋಗಿಯೂ ನೋಡಿರುವುದಿಲ್ಲ. ಸಿಎಸ್‌ಎಸ್‌ಡಿ ಅನ್ನುತ್ತಾರೆ. ಆಪರೇಷನ್ನಿನ ಕತ್ತರಿ, ಚಿಮಟ, ಬಟ್ಟೆ ಎಲ್ಲ ತೊಳೆದು, ಕಟ್ಟಿ, ಕ್ರಿಮಿ ಇಲ್ಲದ ಹಾಗೆ ಮಾಡಿ ಕಳಿಸುವ ವಿಭಾಗ.

ಒಂದು ಬಾಗಿಲಿನಿಂದ ಕೊಳೆಯಾದದ್ದು ಬರುತ್ತದೆ, ಇನ್ನೊಂದು ಬಾಗಿಲಿನಿಂದ ಶುದ್ಧವಾದದ್ದು ಹೋಗುತ್ತದೆ. ಎರಡೂ ಎಲ್ಲೂ ಕೂಡಬಾರದು. ಮೊದಲು ತೊಳೆಯುವುದು. ಕತ್ತರಿಯ ಕೀಲಿನಲ್ಲಿ ಒಂಚೂರು ರಕ್ತ ಒಣಗಿ ಉಳಿದರೂ ಆಮೇಲೆ ಎಷ್ಟು ಹಬೆ ಕೊಟ್ಟರೂ ಪ್ರಯೋಜನವಿಲ್ಲ. ಆಮೇಲೆ ಎಣಿಸಿ ಟ್ರೇ ಜೋಡಿಸಬೇಕು. ಆಮೇಲೆ ಆಟೋಕ್ಲೇವ್. ಅದು ದೊಡ್ಡ ಪ್ರೆಶರ್ ಕುಕ್ಕರ್ ಇದ್ದ ಹಾಗೆ. 121 ಡಿಗ್ರಿಯಲ್ಲಾದರೆ 15ರಿಂದ 20 ನಿಮಿಷ, 134 ಡಿಗ್ರಿಯಲ್ಲಾದರೆ 3–4 ನಿಮಿಷ ಹಿಡಿದಿಡಬೇಕು. ಕಟ್ಟಿನ ಮೇಲೆ ಅಂಟಿಸಿದ ಟೇಪಿನಲ್ಲಿ ಕಪ್ಪು ಗೆರೆ ಮೂಡುತ್ತದೆ. ಆ ಗೆರೆ ಬಿಸಿ ತಗುಲಿದೆ ಅಂತ ಮಾತ್ರ ಹೇಳುತ್ತದೆ, ಕ್ರಿಮಿ ಸತ್ತಿದೆ ಅಂತಲ್ಲ. ಅದಕ್ಕೆ ನಾವು ಬಿಸಿಗೆ ಸುಲಭವಾಗಿ ಸಾಯದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳನ್ನು ಒಳಗಿಟ್ಟು, ಅವು ಸತ್ತವಾ ಅಂತ ಬೇರೆ ಪರೀಕ್ಷೆ ಮಾಡುತ್ತೇವೆ. ಬಿಸಿ ತಡೆಯದ ಪ್ಲಾಸ್ಟಿಕ್ ಸಾಮಾನಿಗೆ ಗ್ಯಾಸ್ ಕೊಡಬೇಕು. ಆ ಗ್ಯಾಸ್ ಪೂರ್ತಿ ಹೊರಗೆ ಹೋಗುವ ತನಕ ಗಂಟೆಗಟ್ಟಲೆ ಹಾಗೇ ಇಡಬೇಕು.

ಹೊರಬಂದ ಕಟ್ಟು ತೇವವಾಗಿದ್ದರೆ ಅದನ್ನು ಕೊಡುವಂತಿಲ್ಲ. ಬಿಚ್ಚಿ, ಮತ್ತೆ ಮೊದಲಿನಿಂದ. ಆಗ ಮೇಲೆ ಆಪರೇಷನ್ ಒಂದೂವರೆ ಗಂಟೆ ಮುಂದೆ ಹೋಗುತ್ತದೆ. ಹೊರಗೆ ಕೂತ ಮನೆಯವರು "ಬೆಳಿಗ್ಗೆಯಿಂದ ಉಪವಾಸ ಕೂರಿಸಿದ್ದಾರೆ" ಅಂತ ಬೈಯುತ್ತಾರೆ. ಅವರದೂ ತಪ್ಪಿಲ್ಲ, ಯಾರೂ ಕಾರಣ ಹೇಳಿರುವುದಿಲ್ಲ. ಆದರೆ ಆ ಒಂದೂವರೆ ಗಂಟೆ ನಿಮ್ಮ ತಂದೆಯ ಗಾಯ ಕೀವಾಗದಿರಲಿ ಅಂತ ನಾವು ತೆಗೆದುಕೊಂಡದ್ದು.

ಸಯನ್ ಅಮ್ಮ

ನನ್ನದು ಸಣ್ಣ ಅನುಭವ. ನನ್ನ ಮಗ ಏಳನೇ ತಿಂಗಳಿಗೆ ಹುಟ್ಟಿದ, 1.3 ಕಿಲೋ. ನನಗೆ ಹಾಲೇ ಬರಲಿಲ್ಲ. ಸಯನ್ ಆಸ್ಪತ್ರೆಯ ಎದೆಹಾಲಿನ ಬ್ಯಾಂಕಿನಿಂದ ಬೇರೆ ತಾಯಂದಿರ ಹಾಲು ಕೊಟ್ಟರು. 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಶುರು ಮಾಡಿದ್ದು, ಏಷ್ಯಾದಲ್ಲೇ ಮೊದಲನೆಯದಂತೆ. ಕೊಡುವ ತಾಯಿಯ ರಕ್ತ ಪರೀಕ್ಷೆ ಮಾಡುತ್ತಾರೆ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ತಣ್ಣಗೆ ಮಾಡಿ ಇಡುತ್ತಾರೆ. ಒಂಬತ್ತನೇ ದಿನ ನನಗೆ ಹಾಲು ಬಂತು. ಆಮೇಲೆ ಜಾಸ್ತಿಯೇ ಆಯಿತು. ಉಳಿದದ್ದನ್ನು ನಾನೂ ಕೊಟ್ಟೆ. ಯಾವ ಮಗುವಿಗೆ ಹೋಯಿತೋ ಗೊತ್ತಿಲ್ಲ. ನನ್ನ ಮಗನಿಗೆ ಈಗ ಆರು ವರ್ಷ.

ಹೊನ್ನಾವರದ ಮಗಳು

ನಾನು ಸ್ಟಾಫ್ ನರ್ಸ್. ಕೆಲಸ ಮಾಡುವವರಿಗೆ ಬೇಕಾದ ಸೌಲಭ್ಯವನ್ನೂ ಈ ಮಾತಿನಲ್ಲಿ ಸೇರಿಸಿ. ನಮ್ಮ ಹಳದೀಪುರದ ಅರುಣಾ ಶಾನಭಾಗ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ಪಾಳಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸಲು ಹೋದಾಗ ಅವರ ಮೇಲೆ ದಾಳಿ ಆಯಿತು. ಆಮೇಲೆ 2015ರ ಮೇ 18ರವರೆಗೆ ಹಾಸಿಗೆಯ ಮೇಲೆಯೇ ಇದ್ದರು. ಅಷ್ಟೂ ವರ್ಷ ಅದೇ ಆಸ್ಪತ್ರೆಯ ಸಿಬ್ಬಂದಿ ಅವರನ್ನು ಮಗುವಿನ ಹಾಗೆ ನೋಡಿಕೊಂಡರು.

ಬಟ್ಟೆ ಬದಲಿಸಲು ಬೀಗ ಇರುವ ಒಂದು ಕೋಣೆ, ರಾತ್ರಿ ಕಾರಿಡಾರಿನಲ್ಲಿ ಒಂದು ದೀಪ, ಕರೆದರೆ ಓಡಿ ಬರುವ ಕಾವಲುಗಾರ. ಇದೂ ಆಸ್ಪತ್ರೆಯ ಸೇವೆಯೇ. ಇಷ್ಟೇ ಹೇಳಬೇಕಿತ್ತು.

ನವಿ ಮುಂಬಯಿ ಟೆಕ್ನಿಷಿಯನ್

ಇಲ್ಲಿ ಯಾರೂ ಕರೆಂಟು, ಗ್ಯಾಸ್ ಪೈಪಿನ ಬಗ್ಗೆ ಬರೆಯಲಿಲ್ಲ. ಬರೆಯುವುದಿಲ್ಲ ಬಿಡಿ, ಸರಿಯಾಗಿ ನಡೆದಷ್ಟು ದಿನ ಯಾರಿಗೂ ಕಾಣುವುದಿಲ್ಲ. 2021ರಲ್ಲಿ ಇಲ್ಲಿ ಮಹಾರಾಷ್ಟ್ರದಲ್ಲೇ ಕೆಲವು ಸಲ ಕಂಡಿತು. ಜನವರಿ 9ರಂದು ಭಂಡಾರಾ ಜಿಲ್ಲಾ ಆಸ್ಪತ್ರೆಯ ಹಸುಗೂಸುಗಳ ಘಟಕಕ್ಕೆ ಬೆಂಕಿ ಬಿದ್ದು 10 ಕೂಸುಗಳು ಹೋದವು. ಏಪ್ರಿಲ್ 21ರಂದು ನಾಸಿಕ್‌ನ ಪಾಲಿಕೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಟ್ಯಾಂಕ್ ಸೋರಿ ಒತ್ತಡ ಇಳಿಯಿತು. 22 ಜನ ಅಂದೇ ತೀರಿಕೊಂಡರು. ಅಲ್ಲಿದ್ದ ಡಾಕ್ಟರಿಗೂ ಏನೂ ಮಾಡಲು ಆಗಲಿಲ್ಲ.

ನಾನು ದಿನಾ ಬೆಳಿಗ್ಗೆ ಮಾಡುವ ಮೊದಲ ಕೆಲಸ ಒತ್ತಡದ ಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವುದು. ಎರಡನೆಯದು ಜನರೇಟರ್ ಡೀಸೆಲ್. ರೋಗಿಯ ಕಡೆಯವರು ಮಾಡಬೇಕಾದದ್ದು ಒಂದೇ. ವಾರ್ಡಿನ ಗೋಡೆಯ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಲು ಯಂತ್ರದ ಪಿನ್ ಕೀಳಬೇಡಿ. ಬ್ಯಾಟರಿಯ ಮೇಲೆ ಓಡುವ ಪಂಪು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.

ಬೆಳಗಾವಿ ಅಕ್ಕ

ನನ್ನ ತಂಗಿಗೆ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸಬೇಕು ಅಂದಿದ್ದಾರೆ. ಮುಂಬಯಿಯಲ್ಲಿ ನಮಗೆ ಯಾರೂ ಇಲ್ಲ. ಆಸ್ಪತ್ರೆ ಎದುರು ಫುಟ್‌ಪಾತಿನಲ್ಲೇ ಜನ ಮಲಗುತ್ತಾರೆ ಅಂತ ಕೇಳಿ ಎದೆ ಒಡೆಯಿತು. ಎಲ್ಲಿ ಉಳಿಯುವುದು?

ಮಾಟುಂಗಾ ನಿವೃತ್ತೆ

ಅಕ್ಕ, ಹೆದರಬೇಡಿ. ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ಇದೆ, ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಅಲ್ಲಿನ ಸಮಾಜಸೇವಾ ವಿಭಾಗ ಬರೀ ಉಳಿಯುವ ಜಾಗಕ್ಕೇ ಎಷ್ಟೋ ಹೊತ್ತು ಕೊಡುತ್ತದೆ. ದಾದರ್ ಪೂರ್ವದಲ್ಲಿ ಸಂತ ಗಾಡಗೆ ಮಹಾರಾಜರ ಧರ್ಮಶಾಲೆ ಇದೆ. ಕ್ಯಾನ್ಸರ್ ರೋಗಿಗಳು, ಅವರ ಮನೆಯವರು ಅಲ್ಲಿ ಉಳಿಯುತ್ತಾರೆ. ಪೊರಕೆ ಹಿಡಿದು ಊರೂರು ಗುಡಿಸಿದ ಆ ಸಂತ ರೋಗಿಗಳ ಕಡೆಯವರಿಗೆ ಧರ್ಮಶಾಲೆ ಬೇಕು ಅಂತ ಅಷ್ಟು ಹಿಂದೆಯೇ ಕಂಡುಕೊಂಡಿದ್ದರು.

ಇಂಥ ಕಡೆ ಆಸ್ಪತ್ರೆಯ ಫೈಲು, ಚೀಟಿ ಕೇಳುತ್ತಾರೆ. ಆದ್ದರಿಂದ ಮೊದಲು ಹೆಸರು ನೋಂದಾಯಿಸಿ, ಅಲ್ಲಿಂದ ನೇರವಾಗಿ ಸಮಾಜಸೇವಾ ವಿಭಾಗಕ್ಕೆ ಹೋಗಿ. ಜಾಗ ತುಂಬಿದ್ದರೆ ಬೇರೆ ಕಡೆ ಹೇಳುತ್ತಾರೆ. ಮೊದಲ ಎರಡು ರಾತ್ರಿಗೆ ಮಾತ್ರ ಬೇರೆ ವ್ಯವಸ್ಥೆ ಇಟ್ಟುಕೊಂಡು ಬನ್ನಿ. ಬರುವ ದಿನ ಇಲ್ಲಿ ಬರೆಯಿರಿ, ನಾನೇ ಜೊತೆಗೆ ಬರುತ್ತೇನೆ. ಮಾಟುಂಗಾದಿಂದ ಪರೇಲ್ ಏನು ದೂರ.

ಪುಣೆಯ ಅಳಿಯ

ನಾನು ಯಾರೂ ಮಾತಾಡಲು ಇಷ್ಟಪಡದ ವಿಷಯ ಬರೆಯುತ್ತೇನೆ. ನಮ್ಮ ಭಾವ ಮುಂಬಯಿಯ ಆಸ್ಪತ್ರೆಯಲ್ಲಿ ರಾತ್ರಿ ಒಂದು ಗಂಟೆಗೆ ತೀರಿಕೊಂಡರು. ಊರು ಬಾಗಲಕೋಟೆ ಹತ್ತಿರ. ಅಂದು ನಮಗೆ ಬೇಕಾದದ್ದು ಡಾಕ್ಟರಲ್ಲ, ಕಾಗದ.

ಕೇಸ್ ಪೇಪರಿನಲ್ಲಿ ಭಾವನ ಹೆಸರು ತಪ್ಪಾಗಿತ್ತು. ನಮ್ಮ ಕಡೆ ಹೆಸರಿನ ಮುಂದೆ ತಂದೆ ಹೆಸರು, ಅಡ್ಡಹೆಸರು ಬರೆಯುತ್ತಾರೋ ಇಲ್ಲವೋ ಒಂದು ನಿಯಮವಿಲ್ಲ. ಇಲ್ಲಿ ಅಡ್ಡಹೆಸರು ಇಲ್ಲದೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ ಅಂತ ಅಡ್ಮಿಟ್ ಮಾಡುವಾಗ ಗುಮಾಸ್ತರು ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಬಿಟ್ಟಿದ್ದರು. ಅವಸರದಲ್ಲಿ ನಾವೂ ನೋಡಲಿಲ್ಲ. ಅದೇ ಹೆಸರು ಸಾವಿನ ಕಾರಣದ ಪ್ರಮಾಣಪತ್ರಕ್ಕೆ ಹೋಯಿತು, ಅಲ್ಲಿಂದ ಪಾಲಿಕೆಯ ಮರಣ ನೋಂದಣಿಗೆ ಹೋಯಿತು. ಆಧಾರ್‌ಗೆ ತಾಳೆ ಆಗಲಿಲ್ಲ. ಅಕ್ಕನಿಗೆ ವಿಮೆ ಹಣ ಬರಲು ಹದಿನಾಲ್ಕು ತಿಂಗಳು ಹಿಡಿಯಿತು.

ಆದ್ದರಿಂದ ಅಡ್ಮಿಟ್ ಆದ ದಿನವೇ ಕೇಸ್ ಪೇಪರನ್ನು ಆಧಾರ್ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ತಪ್ಪಿದ್ದರೆ ಅಂದೇ ತಿದ್ದಿಸಿ. ಆಮೇಲೆ ಮೆಡಿಕಲ್ ರೆಕಾರ್ಡ್ ವಿಭಾಗಕ್ಕೆ ಅರ್ಜಿ, ಅಫಿಡವಿಟ್ಟು ಅಂತ ಓಡಾಡಬೇಕಾಗುತ್ತದೆ. ಸಾವು 21 ದಿನದೊಳಗೆ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಿ ಆದರೆ ಆಸ್ಪತ್ರೆಯೇ ಕಳಿಸುತ್ತದೆ, ಆದರೆ ಕಳಿಸಿದ್ದನ್ನು ಒಮ್ಮೆ ನೋಡಿ. ಅಪಘಾತ, ಸುಟ್ಟಗಾಯ ಅಂಥದ್ದಾದರೆ ಪೊಲೀಸರ ಕಾಗದ ಇಲ್ಲದೆ ಶವ ಕೊಡುವುದಿಲ್ಲ. ವಿಮಾನದಲ್ಲಿ ಒಯ್ಯುವುದಾದರೆ ಶವ ಕೆಡದಂತೆ ಮಾಡಿಸಿದ ಪ್ರಮಾಣಪತ್ರ ಬೇಕು.

ಆ ರಾತ್ರಿ ಶವಾಗಾರದ ಕೆಲಸಗಾರರೊಬ್ಬರು ಭಾವನ ಮುಖ ತೊಳೆದು, ಕೂದಲು ಬಾಚಿ, "ಈಗ ಮನೆಯವರು ನೋಡಬಹುದು" ಅಂತ ಕರೆದರು. ಅಕ್ಕನಿಗೆ ಅದೇ ಕೊನೆಯ ನೋಟ. ಅವರು ಬಾಚದೆ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಥಾಣೆಯಿಂದ ಒಬ್ಬ

ಹೆಸರಿನ ವಿಷಯ ನೂರಕ್ಕೆ ನೂರು ನಿಜ. ನಮ್ಮ ತಂದೆಯ "ಬಸಪ್ಪ" ಒಂದು ಕಡೆ "ಬಾಸಪ್ಪಾ", ಇನ್ನೊಂದು ಕಡೆ "ಬಸಾಪಾ". ಡಿಸ್ಚಾರ್ಜ್ ಕಾರ್ಡ್ ಬಂದಾಗಲೇ ಗೊತ್ತಾದದ್ದು.

ಸಿಂದಗಿಯವ

ನನಗೊಂದು ಅನಿಸುತ್ತದೆ. ಊರಿಂದ ಬಂದವರಿಗೆ ಮೊದಲು ಬೇಕಾದದ್ದು ಮಾತು. ಮುಂಬಯಿಯಲ್ಲಿ ನಮ್ಮವರ ಸಂಘಗಳಿವೆ. ಮೈಸೂರು ಅಸೋಸಿಯೇಷನ್ನು 1926ರಿಂದ ಇದೆ, ಕರ್ನಾಟಕ ಸಂಘ ಇದೆ, ಬಂಟರದು, ಬಿಲ್ಲವರದು ಇದೆ. ನಾಟಕ, ಯಕ್ಷಗಾನ ಎಲ್ಲ ಆಗುತ್ತದೆ, ಆಗಲಿ. ವಾರಕ್ಕೆ ಒಂದು ದಿನ ಪರೇಲ್ ಕಡೆಯ ಆಸ್ಪತ್ರೆಗಳಲ್ಲಿ ಕನ್ನಡ, ಮರಾಠಿ ಎರಡೂ ಬರುವ ಒಬ್ಬರು ನಿಂತರೆ ಎಷ್ಟು ಜನರ ಅಂಜಿಕೆ ಹೋದೀತು!

ಹೊನ್ನಾವರದ ಮಗಳು

ನಾನು ಬರುತ್ತೇನೆ. ಆದರೆ ಸುಮ್ನೆ ಹೋಗಿ ನಿಲ್ಲುವ ಹಾಗಿಲ್ಲ. ಸಮಾಜಸೇವಾ ವಿಭಾಗದ ಮೂಲಕ ಗುರುತಿನ ಚೀಟಿ ಮಾಡಿಸಿಕೊಂಡೇ ಹೋಗಬೇಕು. ಇನ್ನೊಂದು, ಭಾಷೆ ಹೇಳುವವರು ಹೇಳಿದ್ದಷ್ಟೇ ಹೇಳಬೇಕು. ಡಾಕ್ಟರು "ಗಂಭೀರ" ಅಂದರೆ ನಾವು "ಏನಿಲ್ಲ, ಸರಿಹೋಗುತ್ತೆ" ಅಂತ ಮೆತ್ತಗೆ ಮಾಡಬಾರದು. ಅದು ಕಲಿಯಬೇಕಾದ ಕೆಲಸ. ರೋಗಿ ಹೇಳಿದ್ದನ್ನು ಹೊರಗೆ ಬಂದು ಯಾರಿಗೂ ಹೇಳಬಾರದು.

ಉತ್ತರ ಕರ್ನಾಟಕದ ಮಾತುಗಳ ಒಂದು ಹಾಳೆ ಮಾಡೋಣ. ಬ್ಯಾನಿ ಅಂದರೆ ಮರಾಠಿಯಲ್ಲಿ ದುಖತಂಯ. ದಮ್ಮು ಹತ್ತೈತಿ ಅಂದರೆ ದಮ ಲಾಗತೋಯ. ತಲಿ ತಿರಗಾಕತ್ತೈತಿ ಅಂದರೆ ಚಕ್ಕರ ಯೇತೇಯ. ಹೊಟ್ಟಿ ತೊಳಸಾಕತ್ತೈತಿ ಅಂದರೆ ಮಳಮಳತಂಯ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ, ದೊಡ್ಡ ಅಕ್ಷರ. ರೋಗಿ ಬೆರಳು ಇಟ್ಟು ತೋರಿಸಿದರೂ ಸಾಕು.

ಕುಂದಾಪುರದ ಅಡುಗೆಯವ, ಈಗ ಭಾಂಡೂಪ್

ಅದರಲ್ಲಿ ಊಟದ್ದೂ ಸೇರಿಸಿ ತಂಗಿ. "ನನಗೆ ಇದು ಸೇರುವುದಿಲ್ಲ", "ಹಲ್ಲಿಲ್ಲ, ಮೆತ್ತಗೆ ಬೇಕು", "ಇವತ್ತು ಉಪವಾಸ". ಈ ಮೂರು ಇದ್ದರೆ ಅರ್ಧ ತಟ್ಟೆ ವಾಪಸು ಬರುವುದಿಲ್ಲ.

ಡೊಂಬಿವಲಿ ಸೊಸೆ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಕೈಯಲ್ಲಿ ಬರೆದುಕೊಂಡೆ ಕೂಡ. ಮಾಟುಂಗಾ ಅಮ್ಮ ಹೇಳಿದ ಹಾಗೆ ಇಂದು ಆಸ್ಪತ್ರೆಯ ಸೋಷಿಯಲ್ ವರ್ಕರ್ ಹತ್ತಿರ ಹೋದೆ. ಈಗ ನಮ್ಮ ಬಿಲ್ಲಿಗೆ ಏನೂ ಆಗುವುದಿಲ್ಲ ಅಂದರು, ಅದು ಸರಿ. ಆದರೆ ಫಿಸಿಯೋಥೆರಪಿಗೆ, ವಾಕರ್‌ಗೆ ಅರ್ಜಿ ಬರೆಸಿಕೊಂಡರು. ಮಾತಿನ ಹಾಳೆಯ ವಿಷಯ ಹೇಳಿದೆ. "ಮಾಡಿಕೊಂಡು ಬನ್ನಿ, ಡಾಕ್ಟರಿಗೆ ತೋರಿಸಿ ವಾರ್ಡಿನಲ್ಲಿ ಹಾಕಿಸುತ್ತೇನೆ" ಅಂದರು. ಹೊನ್ನಾವರದ ತಂಗಿ, ಭಾನುವಾರ ನಿಮಗೆ ಬಿಡುವಿದೆಯಾ? ನಮ್ಮ ಮನೆಯಲ್ಲೇ ಕೂತು ಬರೆಯೋಣ.

ಆ ಮೌಶಿಯನ್ನು ಹುಡುಕಿದೆ. ವಾರ್ಡಿನಲ್ಲಿ ಇರಲಿಲ್ಲ. ಗುತ್ತಿಗೆ ಬದಲಾಗಿದೆ, ವರಳಿಯ ತಮ್ಮ ಬರೆದ ಹಾಗೇ. ಹೊಸಬರಿಗೆ ಅವರ ಹೆಸರೂ ಗೊತ್ತಿರಲಿಲ್ಲ. ಕೊನೆಗೆ ಲಿಫ್ಟಿನವರು ಹೇಳಿದರು, ಅವರು ಈಗ ಹೆರಿಗೆ ವಾರ್ಡಿನಲ್ಲಿದ್ದಾರೆ, ಬೆಳಿಗ್ಗೆ ಪಾಳಿ, ಮೂರು ಗಂಟೆಗೆ ಬಿಡುತ್ತಾರೆ ಅಂತ.

ಮಾವ ಇಂಡಿಯಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದಾರೆ. "ಅರ್ಧ ನಿಮಗ, ಅರ್ಧ ಆ ಅಕ್ಕಲಕೋಟಿ ಮಗಳಿಗೆ" ಅಂತ ಫೋನಿನಲ್ಲಿ ಎರಡು ಸಲ ಹೇಳಿದರು. ನಾಳೆ ಮೂರಕ್ಕೆ ಹಿಂದಿನ ಗೇಟಿನ ಹತ್ತಿರ ನಿಲ್ಲುತ್ತೇನೆ.